ಮುದ್ದೆಮಾಲು: ಒಂದು ಬಲಗೈ

೨೦೨೧ರ ಅಕ್ಟೋಬರಿನಲ್ಲಿ ಕೈದಿ ವಿನ್‌ಸ್ಟನ್ ಮಲೇಷ್ಯಾದ ಫೆಡರಲ್ ಸರ್ಕಾರದ ಮೇಲೆ ಹೂಡಿದ ಗಾಯಪರಿಹಾರದ ದಾವೆಯಲ್ಲಿ, ಅವರ ಮುರಿದ ಬಲಗೈಯನ್ನು ಮುದ್ದೆಮಾಲು ಎಂದು ಕ್ರಮಬದ್ಧವಾಗಿ ದಾಖಲಿಸಲಾಯಿತು. ಕೈ ಅವರ ಮೈಗೇ ಅಂಟಿಕೊಂಡಿದ್ದುದರಿಂದ ಸಾಗಾಣಿಕೆಯ ಖರ್ಚು ಬರಲಿಲ್ಲ.

ವಿನ್‌ಸ್ಟನ್ ಮಂಗಳೂರಿನವರು, ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ನೌಕರಿ. ತೆನೆಹಬ್ಬದ ದಿನ ಮನೆಯವರೆಲ್ಲ ಹೊಸ ಅಕ್ಕಿಯ ಕಾಳು ತಿನ್ನಬೇಕು. ಒಬ್ಬರು ತಪ್ಪಿದರೂ ಅದು ಹಬ್ಬವಲ್ಲ. ತಂಗಿ ಅಲ್ಬಿನಾ ಇದ್ದದ್ದು ನಿಲಾಯಿಯಲ್ಲಿ, ಪಕ್ಕದ ರಾಜ್ಯ. ಸೋಂಕಿನ ಕಾಲ, ಗಡಿ ದಾಟುವಂತಿಲ್ಲ. ಆದರೂ ಹೊರಟವರನ್ನು ಗಡಿಯಲ್ಲಿ ತಡೆದು, ಅಗತ್ಯ ವಸ್ತು ಏನಿದೆ ಎಂದು ಪೊಲೀಸರು ಕೇಳಿದಾಗ ವಿನ್‌ಸ್ಟನ್ ಭಕ್ತಿಯಿಂದ ಒಂದು ಭತ್ತದ ತೆನೆ ತೋರಿಸಿದರು. ಪಟ್ಟಿಯಲ್ಲಿ ತೆನೆ ಇರಲಿಲ್ಲ. ಮೂರು ತಿಂಗಳು ಸಜೆಯಾಯಿತು.

ಜೈಲಿನ ನಾಲ್ಕನೆಯ ದಿನ 'ಅಂತರ ಕಾಪಾಡಿ' ಎಂಬ ಕಬ್ಬಿಣದ ಫಲಕ ಕಳಚಿ ಅವರ ಮಣಿಕಟ್ಟಿನ ಮೇಲೆ ಬಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಫಲಕಕ್ಕೆ ಅಂದೇ ಎಂಟು ಮೊಳೆ ಹೊಡೆದರು. ಕೈಗೆ ಒಂದು ಬಟ್ಟೆ ಕಟ್ಟಿದರು.

ಇಗರ್ಜಿಯ ಭಾನುವಾರದ ಪೂಜೆಯಲ್ಲಿ ವಯಲಿನ್ ನುಡಿಸುತ್ತಿದ್ದ ಕೈ ಅದು. ವಿನ್‌ಸ್ಟನ್ ದಾವೆ ಹೂಡಿದ್ದು ಅದಕ್ಕೇ.

ಮೆಲಾಕಾದಿಂದ ಜೈಲಿಗೆ ಬಂದ ಡಾಕ್ಟರ್ ದೇವದಾಸ ಉಡುಪಿಯವರು. "ಮೂಳೆ ಈಗಲೇ ಕೂರಿಸ್ಬೇಕು ಮಾರಾಯ್ರೇ, ತಡ ಆದ್ರೆ ವಯಲಿನ್ ಮರ್ತುಬಿಡಿ" ಎಂದು ಅವರು ಪೆಟ್ಟಿಗೆ ತೆರೆಯುವಷ್ಟರಲ್ಲಿ ಸರ್ಕಾರಿ ವಕೀಲರ ಸೂಚನೆ ಬಂತು:

"ವಿವಾದಿತ ಗಾಯವನ್ನು ವಾಸಿ ಮಾಡುವುದು ಸಾಕ್ಷ್ಯನಾಶವಾಗುತ್ತದೆ. ಗಾಯವನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು. ತಾನಾಗಿ ವಾಸಿಯಾದಲ್ಲಿ ವಾದಿಯೇ ಹೊಣೆ."

ದೇವದಾಸರು ಪೆಟ್ಟಿಗೆ ಮುಚ್ಚಿದರು.

ವಿಚಾರಣೆ ಕಂಪ್ಯೂಟರ್ ಪರದೆಯ ಮೇಲೆ ನಡೆಯಿತು. ಕೈಯನ್ನು ಹನ್ನೊಂದು ನಿಮಿಷ ಕ್ಯಾಮೆರಾದ ಮುಂದೆ ಹಿಡಿಸಿದರು. ಮುದ್ದೆಮಾಲನ್ನು ಖುದ್ದಾಗಿ ಮುಟ್ಟಿ ನೋಡದೆ ತೀರ್ಪು ಕೊಡಲಾಗದು, ಸೋಂಕಿನ ಕಾಲದಲ್ಲಿ ಯಾರನ್ನೂ ಮುಟ್ಟಲಾಗದು ಎಂದು ನ್ಯಾಯಾಲಯ ಕಂಡುಕೊಂಡಿತು.

ಡಿಸೆಂಬರಿನಲ್ಲಿ ಸಜೆ ಮುಗಿಯಿತು. ದಾವೆ ಇತ್ಯರ್ಥವಾಗುವವರೆಗೆ ಮುದ್ದೆಮಾಲು ಮಾತ್ರ ಸರ್ಕಾರದ ವಶದಲ್ಲೇ ಇರತಕ್ಕದ್ದು. ಆದ್ದರಿಂದ ಬಲಗೈ ಹೊರತುಪಡಿಸಿ ಉಳಿದ ವಿನ್‌ಸ್ಟನ್ ಅವರನ್ನು ಬಿಡುಗಡೆ ಮಾಡಿ ಆದೇಶವಾಯಿತು.

"ಉಳಿದದ್ದನ್ನು ಎಷ್ಟು ಗಂಟೆಗೆ ಕರೆದುಕೊಂಡು ಹೋಗುತ್ತೀರಿ?" ಎಂದು ಜೈಲರು ಅವರನ್ನೇ ವಿನಯದಿಂದ ವಿಚಾರಿಸಿದರು.

ವಿನ್‌ಸ್ಟನ್ ಎರಡು ದಿನ ಯೋಚಿಸಿ, ಕೈಯನ್ನು ಒಂಟಿಯಾಗಿ ಬಿಡಲು ಮನಸ್ಸಾಗದೆ ಅಲ್ಲೇ ಉಳಿದರು. ಅವರಿಗೆ 'ಮುದ್ದೆಮಾಲು ಪಾಲಕ' ಎಂಬ ಗುರುತಿನ ಚೀಟಿ ಕೊಟ್ಟರು. ದಿನಕ್ಕೆರಡು ಸಲ ಕೈ ಇದೆಯೆಂದು ಅವರೇ ಎಡಗೈಯಲ್ಲಿ ಸಹಿ ಹಾಕಬೇಕು. ಒಂದು ದಿನವೂ ತಪ್ಪಿಸಲಿಲ್ಲ.

ಮರುವರ್ಷದ ತೆನೆಹಬ್ಬಕ್ಕೆ ಅಲ್ಬಿನಾ ತೆನೆ ಹಿಡಿದು ಬಂದಳು. ಜೊತೆಗೆ ದೇವದಾಸರು. ಕೈ ಸೊಟ್ಟಗೆ ಕೂಡಿಕೊಂಡಿತ್ತು.

"ಇನ್ನೂ ಟೈಮ್ ಉಂಟು" ಎಂದು ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು. "ಇನ್ನೊಮ್ಮೆ ಬಿಡಿಸಿ ಕೂರಿಸಿದ್ರೆ ವಯಲಿನ್ ಹಿಡಿಬಹುದು. ಜೈಲರು ಊಟಕ್ಕೆ ಹೋಗಿದ್ದಾರೆ, ಮುಗಿಸಿ ಬರುವಷ್ಟರಲ್ಲಿ ಆಗ್ತದೆ. ಕೈ ಕೊಡಿ."

ವಿನ್‌ಸ್ಟನ್ ಬೆಚ್ಚಿ ಕೈಯನ್ನು ಎದೆಗೆ ಒತ್ತಿಕೊಂಡರು.

"ಮುಟ್ಬೇಡಿ ಡಾಕ್ಟ್ರೇ! ಎಂಥ ನೀವು, ಓದಿದವರು? ಅದು ಸರ್ಕಾರದ್ದು."

ದೇವದಾಸರು ತಪ್ಪಾಯಿತೆಂದು ಕ್ಷಮೆ ಕೇಳಿದರು. ಅಲ್ಬಿನಾ ಕಣ್ಣೊರೆಸಿಕೊಂಡು, ಹೊಸ ಅಕ್ಕಿಯ ಕಾಳನ್ನು ಅಣ್ಣನ ಎಡಗೈಗೆ ಹಾಕಿದಳು. ಎಡಗೈಯಲ್ಲಿ ತಿನ್ನಬಾರದೆಂದು ಯಾರೂ ಹೇಳಲಿಲ್ಲ. ಆ ಕೈ ಇನ್ನೂ ಅವರದೇ ಆಗಿತ್ತು.