ಮಾವ ಕಂಡ ಹಸಿರು ಬೆಂಕಿ

ನಮ್ಮ ಸೋದರಮಾವ ಇಡೀ ಜನ್ಮದಲ್ಲಿ ಒಂದೇ ಒಂದು ಸಲ ನಿಜ ಹೇಳಿದ. ದುರ್ದೈವ ನೋಡಿ, ಅವತ್ತೇ ಅವನನ್ನು ಯಾರೂ ನಂಬಲಿಲ್ಲ!

ದೇವದುರ್ಗದ ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಚಹಾದ ಅಂಗಡಿ, ಅದರ ಹಿಂದೆಯೇ ಮನೆ. ಚಹಾಕ್ಕೆ ಕಾಸು, ಸುಳ್ಳು ಪುಕ್ಕಟೆ. ಜಾಲಹಳ್ಳಿ ಬಸ್ಸಿಗೆ ಕಾಯುವವರು ಮಾವನ ಕಥೆಗೆ ಕಿವಿಗೊಟ್ಟು ಬಸ್ಸನ್ನೇ ತಪ್ಪಿಸಿಕೊಳ್ಳುತ್ತಿದ್ದರು. ಒಮ್ಮೆ ಕೃಷ್ಣಾ ನದಿಯಲ್ಲಿ ಮೊಸಳೆಯೊಂದು ಅವನ ಚಪ್ಪಲಿ ಕಚ್ಚಿಕೊಂಡು ಹೋಗಿತ್ತಂತೆ. ಮರುದಿನ ಅದೇ ಮೊಸಳೆ ಚಪ್ಪಲಿ ತಂದು ದಂಡೆಯ ಮೇಲಿಟ್ಟು ಹೋಯಿತಂತೆ.

“ಯಾಕ ಮಾವಾ?”

“ಅದಕ್ಕ ಬಿಗಿ ಆಗಿತ್ತಲೇ!”

“ಇವರ ಮಾತು ಜರಡಿ ಹಿಡದು ಕೇಳ್ರಿ” ಎಂದು ಅತ್ತೆ ಒಳಗಿನಿಂದಲೇ ಗಿರಾಕಿಗಳಿಗೆ ಎಚ್ಚರಿಕೆ ಕೊಡುತ್ತಿದ್ದಳು.

ಎಂಬತ್ತರ ದಶಕದ ಮಾತು. ಶಕ್ತಿನಗರದಲ್ಲಿ ಹುಟ್ಟಿದ ಕರೆಂಟು ದೇವದುರ್ಗ ಮುಟ್ಟುವಷ್ಟರಲ್ಲಿ ಸುಸ್ತಾಗಿ ದಾರಿಯಲ್ಲೇ ಮಲಗಿಬಿಡುತ್ತಿತ್ತು. ಬೇಸಿಗೆಯಲ್ಲಿ ನಮಗೆಲ್ಲ ಮಾಳಿಗೆಯೇ ಗತಿ. ಅಲ್ಲಿ ಮಲಗುವುದಕ್ಕೂ ಅಜ್ಜಿಯ ಕಾಯಿದೆಗಳಿದ್ದವು. ಚುಕ್ಕೆ ಎಣಿಸಬಾರದು. ಚುಕ್ಕೆ ಬಿದ್ದದ್ದನ್ನು ಕಂಡ ಮುತ್ತೈದೆ ಬಾಯಿ ಬಿಡಬಾರದು, ಬಿಟ್ಟರೆ ಗಂಡನ ಆಯುಷ್ಯಕ್ಕೆ ಕುತ್ತು. ಗಂಡಸರಿಗೆ ಈ ಕಾಯಿದೆ ಇರಲಿಲ್ಲ. ಇದ್ದಿದ್ದರೂ ಬಾಯಿ ಮುಚ್ಚಿಕೊಂಡಿರುವುದು ಮಾವನಿಂದ ಆಗುತ್ತಿತ್ತೇ?

ಒಂದು ಸಂಜೆ, ದೀಪ ಹಚ್ಚುವ ಹೊತ್ತು ಆಗಷ್ಟೇ ದಾಟಿತ್ತು. ಅತ್ತೆ ಕಾದ ಮಾಳಿಗೆಗೆ ನೀರು ಹೊಡೆಯಲು ಮೇಲೆ ಹೋಗಿದ್ದಳು, ಮಾವ ಹಾಸಿಗೆ ಹೊತ್ತು ಹಿಂದೆ ಹೋಗಿದ್ದ. ನಾವು ಒಳಗೆ ಉಣ್ಣುತ್ತಿದ್ದೆವು. ಇದ್ದಕ್ಕಿದ್ದಂತೆ ಮಾವ ನಿಚ್ಚಣಿಕೆಯಿಂದ ಇಳಿದನೋ ಉರುಳಿದನೋ, ಅಂತೂ ನಮ್ಮ ಮುಂದೆ ಬಂದು ಬಿದ್ದ.

“ಬೆಂಕಿ! ಹಸರು ಬೆಂಕಿ! ಚುಕ್ಕಿ ಬಿದ್ದಂಗ ರಾಯಚೂರ ಕಡಿಂದ ಬಂದು ಮಾನ್ವಿ ಕಡಿ ಹೋತು! ಹಗಲಾದಂಗ ಆತು! ನನ್ನ ನೆರಳ ಗ್ವಾಡಿ ಮ್ಯಾಲ ಓಡಿತಲೇ!”

“ಸಪ್ಪಳ ಹೆಂಗಿತ್ತು ಮಾವಾ?”

“ಸಪ್ಪಳ… ಸಪ್ಪಳ ಇರಲಿಲ್ಲ.”

ನಾವು ಬಿದ್ದುಬಿದ್ದು ನಕ್ಕೆವು. ಸುಳ್ಳು ಹೇಳುವಾಗ ಒಮ್ಮೆಯೂ ತಡವರಿಸದವನು ನಿಜ ಹೇಳುವಾಗ ತೊದಲುತ್ತಿದ್ದ. ಅಭ್ಯಾಸವಿಲ್ಲ ನೋಡಿ!

ಅಷ್ಟರಲ್ಲಿ ಅತ್ತೆ ಖಾಲಿ ಕೊಡ ಹಿಡಿದು ಇಳಿದು ಬಂದಳು. “ನೀನೂ ಮ್ಯಾಲ ಇದ್ದೆಲ್ಲ, ಹೇಳ ಇವರಿಗೆ!” ಎಂದ ಮಾವ.

“ನಾ ಬಗ್ಗಿ ನೀರು ಹೊಡ್ಯಾಕತ್ತಿದ್ದೆ. ಏನೂ ಕಂಡಿಲ್ಲ” ಎಂದು ಅವಳು ಸೀದಾ ಅಡುಗೆಮನೆಗೆ ಹೋದಳು. ಮಾವನ ಮುಖ ಸಣ್ಣದಾಯಿತು.

ಮರುದಿನದಿಂದ ಸಾಕ್ಷಿಯ ಬೇಟೆ ಶುರು. ಬೆಂಕಿ ಕಂಡವರಿಗೆ ಚಹಾ ಪುಕ್ಕಟೆ ಎಂದು ಸಾರಿದ. ಕೇಳಬೇಕೆ? ಊರೂರಿನವರಿಗೂ ಬೆಂಕಿ ಕಂಡಿತು! ಕಲ್ಮಲದವನೊಬ್ಬ ಮೂರು ಬೆಂಕಿ ಕಂಡಿದ್ದ. ಮಾನ್ವಿಯವನ ಹೊಲದಲ್ಲೇ ಅದು ಬಿದ್ದಿತ್ತಂತೆ, ಅವನು ಅದನ್ನು ಬಂಡಿಯಲ್ಲಿ ಹೇರಿಕೊಂಡು ಮನೆಗೆ ತಂದಿದ್ದನಂತೆ.

“ಏನ್ ಸುಳ್ಳ ಹೇಳ್ತಾರಲೇ ಮಂದಿ!” ಎಂದು ಮಾವ ಹಣೆ ಬಡಿದುಕೊಂಡ. ಹೇಳುತ್ತಿರುವವರು ಯಾರು ನೋಡಿ!

ಆಮೇಲೆ ಅವನ ಸುಳ್ಳುಗಳ ರುಚಿಯೇ ಕೆಟ್ಟಿತು. ಮೊಸಳೆಯ ಕಥೆ ಹೇಳು ಅಂದರೆ, “ಅದಿರಲಿ, ಆ ಬೆಂಕಿ ಮಾತ್ರ ಖರೆ” ಅನ್ನುತ್ತಿದ್ದ. ನಿಜವಾಗಿ ಕಂಡವರು ಒಬ್ಬರಾದರೂ ಹೌದು ಅನ್ನಲಿ ಎಂದು ಕೊನೆಯವರೆಗೂ ಹಂಬಲಿಸಿದ. ಯಾರೂ ಅನ್ನಲಿಲ್ಲ.

ಕೆಲವು ವರ್ಷಗಳ ನಂತರ ಅವನು ತೀರಿಕೊಂಡ. ಮಣ್ಣು ಮಾಡಿ ಬಂದು ಕುಳಿತಿದ್ದವರು ಮೊಸಳೆ, ಬೆಂಕಿ ಎಲ್ಲ ನೆನೆದು ಅಳುತ್ತಲೇ ನಗತೊಡಗಿದರು. ಗೋಡೆಗೆ ಒರಗಿದ್ದ ಅತ್ತೆ ತಲೆ ಎತ್ತಿದಳು.

“ಮೊಸಳಿದು ಸುಳ್ಳ. ಬೆಂಕಿದು ಖರೆ. ನಾನೂ ನೋಡೀನಿ. ಹಸರು ಇತ್ತು. ಇಬ್ಬರ ನೆರಳೂ ಕೂಡೇ ಓಡಿದ್ವು.”

ನಾನು ಅವಳ ಹತ್ತಿರ ಸರಿದು ಕುಳಿತೆ. “ಮತ್ತ ಆವಾಗ ಯಾಕ ಹೇಳ್ಲಿಲ್ಲ ಅತ್ತಿ?”

“ಹೆಂಗ ಹೇಳ್ಲೋ? ಆವಾಗ ಅವರು ಇದ್ರಲ್ಲ.”