ಯುದ್ಧ ಇಲ್ದಾಗ ಮಿಲಿಟ್ರಿಗೇನು ಕೆಲಸ?

ಗಡಿಯಲ್ಲಿದ್ದಾಗ ಶತ್ರು ಯಾವ ಕಡೆಯಿಂದ ಬರ್ತಾನೆ ಅಂತ ಗೊತ್ತಿರ್ತಿತ್ತು. ಸುಬೇದಾರನಾಗಿ ರಿಟೈರಾಗಿ ಪುಟ್ಟೇನಹಳ್ಳಿಯಲ್ಲಿ ಮನೆ ಮಾಡಿದ ಮೇಲೆ ಎಲ್ಲಾ ಕಡೆಯಿಂದಲೂ ಬರೀ ಪ್ರಶ್ನೆಗಳೇ.

ಮದುವೆ ಅಡುಗೆ

ಪಕ್ಕದ ಮನೆಯವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಒಂದು ಬೆಳಿಗ್ಗೆ ಪೇಪರ್ ಮಡಿಸಿ ಕಾಂಪೌಂಡಿನಾಚೆಯಿಂದ ಕೇಳಿದರು: "ಯುದ್ಧವೇ ಇಲ್ದಾಗ ಇಷ್ಟು ಜನಕ್ಕೆ ಯಾಕ್ರೀ ಸಂಬಳ? ಬೇಕಾದಾಗ ಕರೆಸ್ಕೊಂಡ್ರಾಯ್ತಪ್ಪ, ಮದುವೆಗೆ ಅಡುಗೆಯವರನ್ನ ಕರೆಸ್ದಂಗೆ."

"ಮದುವೆಗೆ ಮುಹೂರ್ತ ಮೊದಲೇ ಗೊತ್ತಿರುತ್ತೆ ಸಾರ್. ಶತ್ರು ಲಗ್ನಪತ್ರಿಕೆ ಕಳಿಸಲ್ಲ."

ಅವರು ಪೇಪರನ್ನ ಕಂಕುಳಿಗೆ ಸಿಕ್ಕಿಸಿಕೊಂಡರು. "ಸರಿ, ಅಲ್ಲೀತನಕ ಅವರ ಕೈಲಿ ನಮ್ಮ ರಸ್ತೆ ಗುಂಡಿ ಮುಚ್ಚಿಸ್ಬಹುದಲ್ಲ?"

ಧೂಳು

ಗಡಿಯಲ್ಲಿ ಯುದ್ಧ ನಡೀತಿದ್ದ ದಿನಗಳು. ಪಾರ್ಕಿನಲ್ಲಿ ವಾಕಿಂಗ್ ಬರೋ ಹಾರ್ಡ್‌ವೇರ್ ಅಂಗಡಿ ಮಾಲೀಕರೊಬ್ಬರು ದಿನಾ ಕಲ್ಲುಬೆಂಚಿನ ಮೇಲೆ ಕೂತೇ ದಾಳಿ ಮಾಡ್ತಿದ್ರು. "ಒಳಗೆ ನುಗ್ಗಬೇಕು ಸಾರ್! ಪ್ರಾಣ ಹೋದ್ರೆ ಹೋಗ್ಲಿ!"

ನನ್ನ ಜೊತೆ ಕೆಲಸ ಮಾಡಿದವರ ಮಕ್ಕಳು ಅಲ್ಲಿ ಬೆಟ್ಟ ಹತ್ತುತ್ತಿದ್ದರು. ಯಾರ ಪ್ರಾಣ ಅಂತ ಇವರು ಹೇಳಲಿಲ್ಲ. ನಾನು ಮೆಲ್ಲಗೆ ಅಂದೆ: "ಮುಂದಿನ ವಾರ ಸೈನ್ಯಕ್ಕೆ ಭರ್ತಿ ಇದೆ ಸಾರ್. ನಿಮ್ಮ ಮಗ ಒಳ್ಳೇ ಎತ್ತರ ಇದಾನೆ, ಕಳ್ಸಿ."

ಅವರ ದನಿ ಪಟ್ಟನೆ ಇಳಿಯಿತು. "ಅವನಿಗೆ ಧೂಳಾಗಲ್ಲ ಸಾರ್. ಸೀನು ಬರುತ್ತೆ."

ಭಾಷಣ

ಬಡಾವಣೆಯವರು ಧ್ವಜಾರೋಹಣಕ್ಕೆ ಕರೆದು 'ಶಾಂತಿಕಾಲದಲ್ಲಿ ಸೈನ್ಯದ ಪಾತ್ರ' ಅಂತ ನನ್ನಿಂದ ಭಾಷಣ ಮಾಡಿಸಿದರು. ಬೆವರು ಸುರಿಸಿ ಮುಗಿಸಿ, ಪ್ರಶ್ನೆ ಇದ್ರೆ ಕೇಳಿ ಅಂದೆ. ಮುಂದಿನ ಸಾಲಿನ ಮೇಡಂ ಎದ್ದು ನಿಂತರು. "ಮಿಲಿಟ್ರಿ ಕ್ಯಾಂಟೀನಲ್ಲಿ ಪ್ರೆಶರ್ ಕುಕ್ಕರ್ ಎಷ್ಟು ಕಮ್ಮಿಗೆ ಸಿಗುತ್ತೆ?"

ಜೋರಾಗಿ ಚಪ್ಪಾಳೆ ಬಿತ್ತು. ಪ್ರಶ್ನೆಗೆ.

ಕೆರೆ ಕೋಡಿ

ಒಂದು ಮಳೆಗಾಲ ಕೆರೆ ತುಂಬಿ ನೀರು ನಮ್ಮ ಬೀದಿಗೇ ಬಂತು. ಜನವೆಲ್ಲ ತಾರಸಿ ಹತ್ತಿ "ಮಿಲಿಟ್ರಿ ಕರೆಸಿ, ಮಿಲಿಟ್ರಿ ಕರೆಸಿ" ಅಂತ ಕೂಗ್ತಿದ್ರು. ಮೂಲೆಮನೆ ಅಜ್ಜಿಯನ್ನ ಮಾತ್ರ ಕೆಳಗೇ ಬಿಟ್ಟಿದ್ರು. ನಾನು ಪಂಚೆ ಎತ್ತಿ ಕಟ್ಟಿ, ಸೊಂಟಮಟ್ಟದ ನೀರಲ್ಲಿ ನಡೆದು ಹೋದೆ.

ನೀರು ಮಂಚದ ಅಂಚಿಗೆ ಬಂದಿದ್ರೂ ಅಜ್ಜಿ ಅದರ ಮೇಲೆ ನೆಮ್ಮದಿಯಾಗಿ ಕೂತಿದ್ರು. "ಯಾರಪ್ಪಾ?"

"ಮಿಲಿಟ್ರಿಯವನು ಅಜ್ಜಿ. ಬನ್ನಿ, ಬೆನ್ನ ಮೇಲೆ ಕೂತ್ಕೊಳ್ಳಿ."

ಅಷ್ಟರಲ್ಲಿ ತಾರಸಿಯಿಂದ ಮೊಮ್ಮಗ ಕೂಗಿದ: "ಅಂಕಲ್, ಮೊದ್ಲು ಟಿವಿ ತನ್ನಿ! ಹೊಸದು!"

ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಬೈಯೋಕೆ ಬಾಯಿ ತೆಗೆದೆ. ಅಜ್ಜಿ ನನ್ನ ಭುಜ ತಟ್ಟಿ ತಡೆದರು. "ಅವನು ಹೇಳೋದೂ ಸರಿ ಕಣಪ್ಪಾ. ನಂಗೆ ಈಜು ಬರುತ್ತೆ, ಟಿವಿಗೆ ಬರಲ್ಲ."