ತೊಳೆಯಬಾರದ ಪ್ಯಾಂಟು

ಹೊಲಸು ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಗುಣವೋ ರೋಗವೋ ಗೊತ್ತಿಲ್ಲ. ನನ್ನ ಓದು ನಾಲ್ಕನೆಯ ಇಯತ್ತೆಗೇ ಮುಗಿಯಿತು, ಆದರೆ ಒಗೆಯುವುದರಲ್ಲಿ ನನಗೆ ಪಾಠ ಹೇಳುವವರು ನಮ್ಮ ಬೀದರದಲ್ಲೂ ಹುಟ್ಟಿಲ್ಲ, ಈ ಔರಂಗಾಬಾದಿನಲ್ಲೂ ಹುಟ್ಟಿಲ್ಲ. ಹೊರಗೆ ಉಟ್ಟದ್ದು ನೀರು ಕಾಣದೆ ಹೊಸ್ತಿಲು ದಾಟಬಾರದು, ಇದು ನನ್ನ ಮನೆಯ ಕಾಯಿದೆ. ಯಜಮಾನರು ಇದ್ದಾಗ ಅವರಿಗೂ ಇದೇ. ಸಂತೆಯಿಂದ ಬಂದವರು ಧೋತರ ಬಿಚ್ಚಿಕೊಟ್ಟು ಟವೆಲು ಸುತ್ತಿಕೊಂಡು ಅಂಗಳದಲ್ಲಿ ನಿಂತಿರುತ್ತಿದ್ದರು, ಕೋರ್ಟಿನ ಕರೆಗೆ ಕಾದವರ ಹಾಗೆ. ಇಂಥ ಮನೆಗೆ ಒಂದು ತೊಳೆಯಬಾರದ ಪ್ಯಾಂಟು ಬಂತು.

ಪ್ಯಾಂಟು ನನ್ನ ಮಗ ಶರಣಪ್ಪನದು. ಅವನದು ಕಾಲುವೆ ಅಳೆಯುವ ನೌಕರಿ. ವಾರವೆಲ್ಲ ಗಂಗಾಪುರದ ಕಡೆ ದನ ಮೇಯುವ ಹುಲ್ಲಿನಲ್ಲಿ ಸರಪಳಿ ಎಳೆಯುತ್ತ ತಿರುಗುತ್ತಾನೆ. ಹೋದ ಮಳೆಗಾಲದಲ್ಲಿ ಆ ಹುಲ್ಲಿನಿಂದ ಉಣ್ಣಿ ಕಚ್ಚಿಸಿಕೊಂಡು ಬಂದ. ದನದ ಕಿವಿಯಲ್ಲಿ ಕಚ್ಚಿಕೊಂಡು, ರಕ್ತ ಕುಡಿದು, ಔಡಲ ಬೀಜದಂತೆ ಉಬ್ಬುವ ಹುಳ ಅದು. ಹುಟ್ಟಿದಾಗಿನಿಂದ ನೋಡಿದ್ದೇನೆ, ಅದಕ್ಕೆ ಹೆದರುವವರನ್ನು ಮಾತ್ರ ನೋಡಿರಲಿಲ್ಲ. ಆದರೆ ಶರಣಪ್ಪನಿಗೆ ಏರಿದ ಜ್ವರ ಇಳಿಯಲೇ ಇಲ್ಲ. ಬಾಯಿಗೆ ನೀರು ಬಿಟ್ಟರೂ ಕಣ್ಣು ತೆರೆಯದೆ ಮಲಗಿದ. ಇದು ಉಣ್ಣಿಯ ಜ್ವರ, ಇನ್ನೊಮ್ಮೆ ಬಂದರೆ ಈ ಮೈ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಂದು ಸೊಸೆ ನೀಲಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಅಳಲಿಲ್ಲ, ಅವನ ಹಾಸಿಗೆ ಒಗೆದೆ.

ಈ ವರ್ಷ ಆಫೀಸಿನವರೇ ಒಂದು ಬಾಟಲಿ ಹುಳದ ಔಷಧ ಕೊಟ್ಟರು. ಅದನ್ನು ನೀರಿಗೆ ಬೆರೆಸಿ ಹೊರಗಿನ ಪ್ಯಾಂಟನ್ನು ಅದ್ದಿ ನೆರಳಿಗೆ ಒಣಗಿಸಬೇಕು. ಮೈಗೆ ಹಚ್ಚಬಾರದು. ಹುಲ್ಲಿಗೆ ಇಳಿಯುವಾಗ ಮಾತ್ರ ತೊಡಬೇಕು. ಮತ್ತೆ, ಒಗೆಯಬಾರದು, ಒಗೆದರೆ ಔಷಧವೂ ಹೋಯಿತು. ನೀಲಮ್ಮ ಹಳೆಯ ಬಕೀಟಿನಲ್ಲಿ ಕೋಲಿನಿಂದ ಅದ್ದಿ, ಒಣಗಿಸಿ, ಹೊರಗೋಡೆಯ ಗೂಟಕ್ಕೆ ತೂಗುಹಾಕಿದಳು. ಗಬ್ಬು ವಾಸನೆ. ಅದರ ಮುಂದೆ ಹಾಯುವಾಗ ಮುನಿಸಿಕೊಂಡ ಬೀಗಿತ್ತಿಯನ್ನು ಕಂಡಂತೆ ಮುಖ ತಿರುವುತ್ತಿದ್ದೆ. ನಾನು ದಿನಾ ದನದ ಬಯಲಿಗೆ ಸೆಗಣಿ ಆರಿಸಲು ಹೋಗುವವಳು. “ನಿಮ್ಮ ಸೀರಿನೂ ಅದ್ದತೀನ್ರಿ ಅತ್ತಿ” ಎಂದು ನೀಲಮ್ಮ ಕೇಳಿದ್ದಳು. “ನನಗ ಕಚ್ಚಿದ್ರ ಉಣ್ಣಿಗೇ ಜ್ವರಾ ಬರ್ತದ, ಹೋಗು” ಎಂದು ಅಟ್ಟಿದ್ದೆ. ಮಾತು ಮನೆಯಲ್ಲೆಲ್ಲ ಹಬ್ಬಿ ಎಲ್ಲರೂ ನಕ್ಕರು. ನನಗೂ ಖುಷಿಯಾಯಿತು.

ನಾಲ್ಕಾರು ಸಂಸಾರಗಳಿರುವ ನಮ್ಮ ವಾಡೆಯಲ್ಲಿ ಎದುರು ಖೋಲಿ ಕಮಲಾಬಾಯಿಯದು. ನಾಸಿಕದವಳು, ಗೋದಾವರಿ ದಂಡೆಯಲ್ಲಿ ಬೆಳೆದವಳು. ತೊಳೆಯುವುದು ಅವಳಿಗೆ ಪುಣ್ಯದ ಕೆಲಸ. ನನಗೂ ಅವಳಿಗೂ ಸ್ನೇಹ ಕೂಡಿದ್ದು ಇದರಿಂದಲೇ. ಮಳೆಗಾಲ ಶುರುವಾದಾಗಿನಿಂದ ಒಗೆಯದೆ ತೂಗುತ್ತಿದ್ದ ಪ್ಯಾಂಟನ್ನು ನೋಡಿ ನೋಡಿ ಅವಳು ಒಂದು ತೀರ್ಮಾನಕ್ಕೆ ಬಂದಳು: ಅತ್ತೆ ಸೊಸೆಯರಿಗೆ ಜಗಳ, ನಡುವೆ ಪಾಪದ ಹುಡುಗನ ಬಟ್ಟೆಗೆ ಗತಿಯಿಲ್ಲ. ನಾನೂ ನೀಲಮ್ಮನೂ ಒಂದು ತೊಟ್ಟಿಲ ಕಾರ್ಯಕ್ಕೆ ಹೋದ ದಿನ ಅದನ್ನು ಇಳಿಸಿ, ಸೋಡಾ ಹಾಕಿ ತಿಕ್ಕಿ, ಗಂಜಿ ಹಾಕಿ, ಕೆಂಡದ ಇಸ್ತ್ರಿ ಮಾಡಿ, ಮಡಿಕೆ ಕೆಡಬಾರದೆಂದು ಪೇಪರಿನಲ್ಲಿ ಸುತ್ತಿ ಗೂಟಕ್ಕೇ ಕಟ್ಟಿದಳು. ಮರುದಿನ ನಸುಕಿನಲ್ಲಿ ಶರಣಪ್ಪ ಆ ಗಂಟನ್ನು ಹೆಂಡತಿ ಕಟ್ಟಿದ್ದೆಂದು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ನೀಲಮ್ಮ ನಾನು ಕಟ್ಟಿದ್ದೆಂದುಕೊಂಡಳು, ನಾನು ನೀಲಮ್ಮ ಕಟ್ಟಿದ್ದೆಂದುಕೊಂಡೆ.

ಹೊತ್ತೇರಿದ ಮೇಲೆ ಕಮಲಾಬಾಯಿ ಬಂದು, ಸೊಸೆಯ ಮೇಲಿನ ಸಿಟ್ಟನ್ನು ಮಗನ ಪ್ಯಾಂಟಿನ ಮೇಲೆ ತೀರಿಸಬಾರದೆಂದು ಮರಾಠಿಯಲ್ಲಿ ನನಗೆ ಬುದ್ಧಿ ಹೇಳಿದಳು. ತಾನು ಮಾಡಿದ್ದನ್ನೂ ಹೇಳಿದಳು. ನೀಲಮ್ಮ ಓಡಿಹೋಗಿ ಔಷಧದ ಬಾಟಲಿ ತಂದಳು. ನಾನು ಬಯ್ಯಲಿಲ್ಲ. ಬಯ್ಯಲು ಹೊತ್ತೆಲ್ಲಿತ್ತು? ಬಾಟಲಿಯನ್ನು ಚಿಂದಿಯಲ್ಲಿ ಸುತ್ತಿಕೊಂಡು ಗಂಗಾಪುರದ ಬಸ್ಸು ಹತ್ತಿದೆ. ಕಮಲಾಬಾಯಿಯೂ ಹಿಂದೆಯೇ ಹತ್ತಿದಳು. ದಾರಿಯುದ್ದಕ್ಕೂ ದೇವರ ಹೆಸರನ್ನು ಒಂದೇ ಸಮನೆ ತಿಕ್ಕುತ್ತಿದ್ದಳು. ಅದನ್ನಾದರೂ ಹಾಗೇ ಬಿಡು, ಸವೆದೀತು ಎಂದೆ.

ಬಸ್ಸಿಳಿದು, ಕಾಲುವೆ ಅಳೆಯುವವರ ಡೇರೆ ಕಾಣುತ್ತಿದ್ದ ದಿಕ್ಕಿಗೆ ಹುಲ್ಲಿನ ನಡುವೆಯೇ ಅಡ್ಡ ಹಾದಿ ಹಿಡಿದೆ. ನೋಡಿದರೆ ಶರಣಪ್ಪ ಕುರ್ಚಿಯ ಮೇಲೆ, ಗೆರೆ ಮುರಿಯದ ಪ್ಯಾಂಟಿನಲ್ಲಿ, ಮದುಮಗನ ಹಾಗೆ ಕೂತಿದ್ದಾನೆ.

“ಹುಲ್ಲಿನ್ಯಾಗ ಇಳದಿಯೇನು?”

“ಇಲ್ಲ ಯವ್ವಾ. ಗಂಟು ಬಿಚ್ಚಿ ನೋಡಿದಾಗ ನನ್ನ ಎದಿ ಧಸಕ್ ಅಂತು. ಅಷ್ಟ್ರಾಗ ದೊಡ್ಡ ಸಾಹೇಬ್ರು ಬಂದ್ರು, ಅವಸರದಾಗ ಅದನ್ನೇ ತೊಟ್ಟೆ. ಎಲ್ಲಾರ ಪ್ಯಾಂಟೂ ಗಬ್ಬು ನಾರ್ಲಾಕತ್ತಿದ್ವು. ನಂದೊಂದೇ ಇಸ್ತ್ರಿ ಮಾಡಿದ್ದು. ನೀ ಕುರ್ಚಿ ಮ್ಯಾಲ ಕೂಡು, ನಕಾಶಿ ಹಿಡಿ ಅಂದ್ರು.”

ಆಗ ನಾನು ಬಾಟಲಿಯನ್ನು ಕೆಳಗಿಟ್ಟೆ. ಕಮಲಾಬಾಯಿ ಕಣ್ಣೊರೆಸಿಕೊಂಡವಳು, ಕೂಡಲೇ ಇಸ್ತ್ರಿಯ ಗೆರೆಯನ್ನು ನನಗೆ ಬೆರಳಿಟ್ಟು ತೋರಿಸಿದಳು. ಶರಣಪ್ಪ ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಇಷ್ಟು ಭಕ್ತಿ ಯಾವಾಗ ಬಂತು ಎಂದು ನೋಡಿದರೆ, ನನ್ನ ಸೀರೆಯ ಅಂಚಿನಿಂದ ಕಾಗದದ ತುಂಡಿಗೆ ಏನನ್ನೋ ಇಳಿಸುತ್ತಿದ್ದಾನೆ. ಉಣ್ಣಿ. ಇನ್ನೂ ಕಚ್ಚಿರಲಿಲ್ಲ, ಮೇಲಕ್ಕೆ ಹೊರಟಿತ್ತು.

ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿ ಅವನೆಂದ: “ಪಾಪ, ಜ್ವರಾ ಬಂದಂಗ ಕಾಣ್ತದ ಇದಕ್ಕ.”

ಮನೆಗೆ ಬಂದು ಬಯಲಿಗೆ ಉಡುವ ಸೀರೆಯನ್ನು ತೆಗೆದು ನೀಲಮ್ಮನ ಬಕೀಟಿನ ಪಕ್ಕದಲ್ಲಿಟ್ಟೆ. ಅವಳು ಕೋಲು ತಂದಳು; ಜಾಣೆ.

ಈಗ ಗೂಟದಲ್ಲಿ ಪ್ಯಾಂಟಿನ ಜೊತೆ ನನ್ನ ಸೀರೆಯೂ ತೂಗುತ್ತದೆ. ಕಮಲಾಬಾಯಿ ಅದರ ಮುಂದೆ ಕೈ ಕಟ್ಟಿಕೊಂಡು ಹಾಯುತ್ತಾಳೆ. ಆದರೆ ವಾಡೆಗೆ ಹೊಸದಾಗಿ ಬಂದವರು, ಅತ್ತೆಯ ಸೀರೆ ಒಗೆಯದ ಸೊಸೆ ಎಂದು ನೀಲಮ್ಮನನ್ನು ಆಡಿಕೊಳ್ಳುತ್ತಾರಂತೆ. ಅವಳ ಮರ್ಯಾದೆ ಉಳಿಯಲೆಂದು ಇಷ್ಟು ಬರೆದೆ. ಬರೆಯುವಾಗ ಗೂಟಕ್ಕೆ ಬೆನ್ನು ಮಾಡಿ ಕೂತಿದ್ದೇನೆ. ನೋಡಿದರೆ ಕೈ ಸುಮ್ಮನಿರುವುದಿಲ್ಲ.